ಕಾಗದಕ್ಕೆ ಹೋಗದ ಬಣ್ಣ

ದಾರುಖಾನಾದಲ್ಲಿ ಹಡಗು ಒಡೆದಾಗ
ಇದ್ರೀಸ್ ಫೋನು ಮಾಡುತ್ತಾನೆ:
"ನೆಲ ಬಂದಿದೆ, ಬಾ."
ಕಬ್ಬಿಣ ಒಬ್ಬರಿಗೆ, ತಾಮ್ರ ಒಬ್ಬರಿಗೆ,
ಕಕ್ಕಸಿನ ಪಿಂಗಾಣಿ ಮತ್ತಾರಿಗೋ;
ಕ್ಯಾಬಿನ್ನಿಗೆ ಹಾಸಿದ್ದ ಲಿನೋಲಿಯಂ ಕೇಳುವವನು
ಇಡೀ ಬಂದರಿಗೆ ನಾನೊಬ್ಬನೇ.

ಸುರುಳಿ ಸುತ್ತಿ, ರೇ ರೋಡಿನಿಂದ
ಲಗೇಜು ಡಬ್ಬಿಯಲ್ಲಿ, ಬೊಂಬಿಲದ ಬುಟ್ಟಿಗಳ ನಡುವೆ
ಮಗುವಿನಂತೆ ತಬ್ಬಿಕೊಂಡು ನಿಲ್ಲುತ್ತೇನೆ.
"ಚಾಪೆಯಾ?" ಎಂದಳು ಮೀನಿನಾಕೆ.
"ಹೌದು, ಮಲಗಲಿಕ್ಕಲ್ಲ."

ವಡಾಲಾದ ಗ್ಯಾರೇಜಿನಲ್ಲಿ ಹಿಲ್ಲಾಬಾಯಿಯ ಅಚ್ಚುಮನೆ.
ಕೊರೆಯುವುದು ಅವಳು. ಅದಕ್ಕೆ ಮುಂಚಿನದೆಲ್ಲ ನನ್ನದು.

ಮೊದಲು ಬಿಸಿಲು.
ಮುದಿ ಲಿನೋ ಅಂದರೆ ಹಪ್ಪಳ, ಬಗ್ಗಿಸಿದರೆ ಲಟಕ್ಕನೆ ಮುರಿದೀತು.
ತಗಡಿನ ಮೇಲೆ ಅರ್ಧ ತಾಸು ಹಾಸಿದರೆ
ಮೈ ಸಡಿಲಿಸಿ ಉಸಿರು ಬಿಡುತ್ತದೆ:
ಏನಾಶ್ಚರ್ಯ, ಅದೇ ಅಗಸಿ ಎಣ್ಣೆ,
ನಮ್ಮ ಇಂಡಿಯ ಕಡೆಯ ಅಗಸಿ ಹಿಂಡಿ,
ಯಾವುದೋ ದೇಶದ ಹಡಗಿನ ನೆಲದಲ್ಲಿ.

ಆಮೇಲೆ ಉಜ್ಜುವುದು. ನಾನೂರು ನಂಬರಿನ ಪಾಲಿಶ್ ಕಾಗದ,
ಒಂದು ಬಟ್ಟಲು ನೀರು, ಗುಂಡಗೆ, ಗುಂಡಗೆ.
ಮೇಣ ಹೋಗಬೇಕು, ಬೂಟಿನ ಕಪ್ಪು ಹೋಗಬೇಕು,
ಇಪ್ಪತ್ತು ಬಂದರಿನ ಕೊಳೆ ಹೋಗಬೇಕು.
ಸ್ಪಿರಿಟ್ಟಿನಲ್ಲಿ ಒರೆಸಿ ಅಂಗೈ ಸವರಿದರೆ
ಹೊಸ ಪಾಟಿಯ ಹಾಗೆ ತುಸು ತಡೆಯಬೇಕು.

ಕೊನೆಗೆ ಬಣ್ಣ ಕುಡಿಸುವುದು.
ನೀರಾಗಿ ಕಲಸಿದ ಶಾಯಿ, ಹಳೇ ಬನಿಯನ್ನಿನ ತುಂಡು,
ಒಂದೇ ದಿಕ್ಕಿಗೆ ಎಳೆ, ಒಣಗಲು ಬಿಡು.
ತೊಗಲಿಗೆ ಮಾತ್ರ ಬಣ್ಣ, ಒಳಗೆಲ್ಲ ಮಾಸಲು ಬೂದು;
ಉಳಿ ಹೊಕ್ಕಲ್ಲಿ ಬೂದು ತೆರೆದು ಗೆರೆ ಹೊಳೆಯುತ್ತದೆ.
ಅಷ್ಟಕ್ಕೇ ಈ ಬಣ್ಣ.
ಕಾಗದಕ್ಕೆ ಹೋಗದು, ಗೋಡೆಗೆ ಏರದು,
ಕೊರೆಯುವವಳ ಕಣ್ಣಿಗೆ ಮುಡಿಪು.

"ಈ ಬಣ್ಣ ಹತ್ತುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ, ಮಲಕಾ?"
"ಕಲೆ, ಬಾಯಿ."
"ಮತ್ತೆ ನಾನು ಮಾಡುವುದಕ್ಕೆ?"
"ಅದೂ ಕಲೆಯೇ."
ಹೆಬ್ಬೆರಳಿನ ಹಳೇ ಗಾಯ ಎತ್ತಿ ತೋರಿಸಿದಳು. "ಇದು?"
"ಅದೂ."
"ಎಂಥ ಜಿಪುಣ ಭಾಷೆಯೋ!" ಎಂದು
ಕೆಮ್ಮು ಬರುವ ತನಕ ನಕ್ಕಳು.

ಹನ್ನೊಂದು ವರ್ಷದ ಕೆಳಗೆ ಅವಳು ಕೇಳಿದ್ದು
ಸೋಸಿದ ಚಹಾದ ಬಣ್ಣ. "ತುಸುವೇ ಸಾಕು."
ಆಮೇಲೆ ಇಟ್ಟಿಗೆಯ ಕೆಂಪು.
ಕೊರೋನಾ ಮುಗಿದ ವರ್ಷ ನೀಲಿ, ಅದೂ ಎರಡು ಕೈ.
ಈ ನವರೋಜಿಗೆ ಅಂದಳು: "ಕಪ್ಪು ಹಚ್ಚು, ಬಳಿದುಬಿಡು."
ನಾನು ಯಾಕೆ ಅನ್ನಲಿಲ್ಲ.
ಮೇಜಿನ ಬಲ್ಬು ನಲವತ್ತರಿಂದ ನೂರಕ್ಕೆ ಏರಿದ್ದು
ಕರೆಂಟಿನ ಬಿಲ್ಲಿಗೂ ಗೊತ್ತು, ನನಗೂ ಗೊತ್ತು.

ಮೊನ್ನೆ ಬಂದ ತುಂಡಿಗೆ ಅಡ್ಡಲಾಗಿ ಒಂದು ಗೀರು.
ಹಡಗು ವಾಲಿದಾಗಲೆಲ್ಲ ಯಾರದೋ ಕುರ್ಚಿ
ಸರಿದು, ಮತ್ತೆ ಸರಿದು, ಅಲ್ಲೇ ಸವೆದದ್ದಿರಬೇಕು.
ನೀರು ಬಿಟ್ಟು ಉಜ್ಜಲು ಕೂತೆ.
ಅವಳು ಬಂದು ಬೆರಳಿಟ್ಟಳು,
ಈ ತುದಿಯಿಂದ ಆ ತುದಿಯವರೆಗೆ ನಿಧಾನ ನಡೆದಳು.
"ಇದು ಇರಲಿ."
"ಬಣ್ಣ?"
"ಬೇಡ."

ಉಳಿಯ ಮುಂದೆ ಎಡಗೈ ಇಡಬೇಡ ಅಂತ
ನನಗೆ ಬೈದು ಬೈದು ಕಲಿಸಿದವಳು
ಎಡಗೈ ಮುಂದಿಟ್ಟಳು. ಹೆಬ್ಬೆರಳು ದಾರಿ ಹುಡುಕಿತು,
ಹಿಂದಿನಿಂದ ಉಳಿ ಬಂತು,
ಸುರುಳಿ ಸುರುಳಿಯಾಗಿ ನೆಲ ಎದ್ದು ಬಿತ್ತು.
ನನ್ನ ಕೈಯಲ್ಲಿ ಕಪ್ಪು ಅದ್ದಿದ ಬನಿಯನ್ನು
ಹಾಗೇ ಒಣಗಿ ಸೆಟೆಯಿತು.

ಸಂಜೆ ಶಾಯಿ ಉರುಳಿಸಿ, ಕಾಗದ ಹಾಸಿ,
ಸಾರಿನ ಸೌಟಿನ ಬೆನ್ನಿನಿಂದ ತಿಕ್ಕಿ ಎತ್ತಿದೆ.
ಗೀರು ಬೆಳ್ಳಗೆ ಬಂದಿತ್ತು, ಎಡ ಬಲವಾಗಿ,
ಹಡಗು ಈಗ ಆಚೆ ಬದಿಗೆ ವಾಲಿದಂತೆ.

ಅವಳು ಕಾಗದದ ಕಡೆ ಮುಖ ಮಾಡಿ,
ಕಾಗದಕ್ಕಿಂತ ತುಸು ಪಕ್ಕಕ್ಕೆ ನೋಡುತ್ತ,
"ಹೇಳು" ಎಂದಳು.
ಸ್ಟೂಲು ಎಳೆದುಕೊಂಡು
ಎಡ ಮೂಲೆಯಿಂದ ಶುರು ಮಾಡಿದೆ.